ಅಂಕ

ಮಂಗಳವಾರದೊಳಗೆ ಕಳಿಸಬೇಕಂತೆ ಈ ನಮೂನೆ.
ಅಭ್ಯರ್ಥಿಯ ಹೆಸರು: ಯೋಲೊ ಪ್ರಾಥರೋ.
ವಯಸ್ಸು ಹದಿನೇಳು. ವಿಭಾಗ: ರಂಗತಂತ್ರ, ಎರಡನೆಯ ವರ್ಷ.
ಒಂದರಿಂದ ಐದರವರೆಗೆ ಅಂಕ ಕೊಡಿ ಎನ್ನುತ್ತದೆ.
ನಲವತ್ತು ವರ್ಷ ಅಂಕದ ಹಿಂದೆಯೇ ಕಳೆದವಳಿಗೆ
ಅಂಕ ಕೊಡುವುದು ಮಾತ್ರ ಬರಲಿಲ್ಲ.

ಏಣಿ ಹತ್ತುವುದು: ಐದು.
ಜೇಬಿನ ಚಿಲ್ಲರೆಯನ್ನೆಲ್ಲ ಕೆಳಗಿಟ್ಟು ಹತ್ತುತ್ತಾನೆ,
ಸ್ಪ್ಯಾನರಿಗೆ ಮಣಿಕಟ್ಟಿನಿಂದ ಒಂದು ದಾರ,
ಕೂಸಿಗೆ ಕಟ್ಟಿದ ಉಡಿದಾರದ ಹಾಗೆ.

ಕೇಬಲ್ ಸುತ್ತುವುದು: ಐದು.
ಮೊಣಕೈಗೆ ಸುತ್ತಬೇಡ, ತಂತಿಗೂ ಒಂದು ಮನಸ್ಸಿದೆ,
ಅದು ಬಾಗಬಯಸುವ ಕಡೆಗೇ ಬಾಗಿಸು ಎಂದು
ಒಮ್ಮೆ ಹೇಳಿದ್ದೆ. ಮರುದಿನ ನೋಡಿದರೆ
ಉಗ್ರಾಣದ ಗಂಟುಗಳನ್ನೆಲ್ಲ ಬಿಡಿಸಿ
ಮೊಳೆಗೆ ನೇತುಹಾಕಿದ್ದ, ಚಕ್ಕುಲಿ ಚಕ್ಕುಲಿ.

ಸಮಯಪಾಲನೆ: ನಾಲ್ಕು.
ಕಳೆದ ಒಂದು ಸ್ವಾನ್ಸೀ ಬಸ್ಸಿನ ಲೆಕ್ಕಕ್ಕೆ.

ಏಳನೆಯ ಸಾಲು: 'ಸೂಚನೆಗಳನ್ನು ಸ್ಪಷ್ಟವಾಗಿ ನುಡಿಯುತ್ತಾನೆ.'
ಇಲ್ಲಿ ಪೆನ್ನು ನಿಂತಿತು. ಚಹಾ ಆರಿತು.

ಯೋಲೊಗೆ ಮಾತು ತೊಡರುತ್ತದೆ.
ಗಕಾರ ಬಂದರೆ ಗಂಟಲೇ ಬಾಗಿಲು ಹಾಕಿಕೊಳ್ಳುತ್ತದೆ.
ನಮ್ಮ ಕಸುಬಿನಲ್ಲೋ ಇರುವುದು ಒಂದೇ ಮಂತ್ರ:
'ಸಿದ್ಧ' ಅಂದು, ಉಸಿರು ಬಿಗಿಹಿಡಿದು, 'ಗೋ'.
ಬೆಳಕು ಏಳುವುದೂ ಪರದೆ ಬೀಳುವುದೂ ಅದಕ್ಕೇ.
ಬೇರೆ ಯಾವುದಕ್ಕೂ ಅದನ್ನು ಬಾಯಿಗೆ ತರುವಂತಿಲ್ಲ,
ಹೊರಡೋಣ ಅನ್ನಬೇಕಿದ್ದರೂ ಸುತ್ತಿ ಬಳಸಿ ಅನ್ನಬೇಕು,
ಗಂಡನ ಹೆಸರೆತ್ತದ ಹಳೆಗಾಲದ ಹೆಂಗಸಿನಂತೆ.

ಮೊದಲು ಪ್ರಾರ್ಥನಾಮಂದಿರವಾಗಿತ್ತು ನಮ್ಮ ಶಾಲೆ.
ಉಪದೇಶದ ಕಟ್ಟೆಯ ಮಗ್ಗುಲಲ್ಲಿ ಅವನ ಮೇಜು,
ಗಾಯಕರು ಕೂರುತ್ತಿದ್ದ ಅಟ್ಟದಲ್ಲಿ ಬೆಳಕಿನ ಹುಡುಗಿ ಟೆಗ್ವೆನ್,
ನಡುವೆ ಕಿವಿಯಿಂದ ಕಿವಿಗೆ ಒಂದು ತಂತಿ.

ಅಣೆಕಟ್ಟಿನಡಿ ಮುಳುಗಿದ ಊರಿನ ನಾಟಕ.
ನಲವತ್ತಮೂರನೆಯ ಸೂಚನೆಗೆ ನೀಲಿ ಏರಬೇಕು,
ಮಕ್ಕಳ ಮೊಣಕಾಲಿಗೆ, ಸೊಂಟಕ್ಕೆ, ಕೊರಳಿಗೆ.
ಗುರುವಾರದ ತಾಲೀಮಿನಲ್ಲಿ
'ಸಿದ್ಧ' ಬಂತು. ಆಮೇಲೆ ಬರೀ ಗ್ ಗ್ ಗ್.
ರಂಗದ ಮೇಲೆ ಹನ್ನೊಂದು ಮಕ್ಕಳು
ಬಾರದ ನೀರಿಗೆ ಕಾದು ನಿಂತವು.
ಟೆಗ್ವೆನ್ ಗುಂಡಿ ಒತ್ತಲಿಲ್ಲ. ಅಪ್ಪಣೆಯಿಲ್ಲದೆ ಒತ್ತಬಾರದೆಂದು
ಕಲಿಸಿದವಳು ನಾನೇ.
ಆರು ಸೆಕೆಂಡು. ಬೇಕಾದರೆ ಎಣಿಸಿ ನೋಡಿ.

ಅಂದು ಅವನು ಉಳಿದವರ ಜೊತೆ ಚಿಪ್ಸ್ ತಿನ್ನಲು ಹೋಗಲಿಲ್ಲ.
ಪರದೆಯ ತೂಕದ ಕಬ್ಬಿಣಗಳನ್ನು ಜೋಡಿಸುತ್ತಿದ್ದ,
ಜೋಡಿಸಿದ್ದನ್ನೇ ಮತ್ತೆ.
ನಾನು ಸಮಾಧಾನ ಹೇಳಲಿಲ್ಲ; ನನಗೂ ಅದು ಬರುವುದಿಲ್ಲ.
ನೆಲಮಾಳಿಗೆಗಿಳಿದು, ಕೀರ್ತನೆ ಪುಸ್ತಕಗಳ ಪೆಟ್ಟಿಗೆಯ ಹಿಂದಿನಿಂದ
ನನಗೆ ಕಲಿಸಿದವರ ಮರದ ಡಬ್ಬಿ ಎತ್ತಿ ತಂದೆ:
ಎರಡು ಗುಂಡಿ, ಎರಡು ಬಲ್ಬು.
ಕೆಂಪು ಅಂದರೆ ಸಿದ್ಧ. ಹಸಿರು ಅಂದರೆ ಆ ಮಾತು.
ಕಿವಿತಂತಿ ಬರುವ ಮೊದಲು ನಾವೆಲ್ಲ
ಹೀಗೇ ಮೂಗರಾಗಿ ನಾಟಕ ನಡೆಸುತ್ತಿದ್ದೆವು.

ಒಳಗಿನ ತಂತಿಗಳನ್ನು ಇಲಿ ತಿಂದಿತ್ತು.
ಬೆಸುಗೆ ಅವನದೇ. ನಾನು ಟಾರ್ಚ್ ಹಿಡಿದೆ.

ಶನಿವಾರ. ಬೆಂಚುಗಳು ತುಂಬಿದ್ದವು.
ಅಟ್ಟದಲ್ಲಿ ಕೆಂಪು ಹತ್ತಿತು.
ಕಿವಿಯಲ್ಲಿ ಅವನ ಉಸಿರಷ್ಟೇ.
ಹಸಿರು.
ನೀರು ಏರಿತು.
ಮುಂದಿನ ಸಾಲಿನಲ್ಲಿ ಅಜ್ಜಿಯೊಬ್ಬಳು
ತನಗೇ ತಿಳಿಯದೆ ಕಾಲು ಮೇಲೆತ್ತಿಕೊಂಡಳು.

ಕೊನೆಯ ಪ್ರದರ್ಶನ ಮುಗಿದು ರಂಗ ಗುಡಿಸುವಾಗ
ಟೆಗ್ವೆನ್ ಆಕಳಿಸಿದಳು: ಇನ್ನು ಮನೆಗೆ...
ಮುಂದಿನ ಪದಕ್ಕೆ ಎಲ್ಲರೂ ತಡಕಾಡಿದರು.
ಮೂಲೆಯ ಮೇಜಿನ ಮೇಲೆ ಹಸಿರು ಹೊತ್ತಿತು.

ಏಳನೆಯ ಸಾಲಿಗೆ ಐದು ಬರೆದಿದ್ದೇನೆ.
'ನುಡಿಯುತ್ತಾನೆ' ಎಂಬುದನ್ನು ಹೊಡೆದುಹಾಕಿಲ್ಲ.
ಷರಾ ಬರೆಯಲು ಬಿಟ್ಟಿರುವುದು ಎರಡೇ ಗೆರೆ.
ಮೇಲಿನವರಿಗೆ ಅನುಮಾನವಿದ್ದರೆ
ಮುಂದಿನ ನಾಟಕಕ್ಕೆ ಬರಲಿ, ಏಳೂವರೆಗೆ.
ತಡವಾದವರಿಗೆ ಬಾಗಿಲು ತೆರೆಯುವುದಿಲ್ಲ.